ಸದ್ದು ಮಾಡದ ಸರಕು

ಮಂಜು, ಒಂದು ಸಣ್ಣ ಮಂಜಿನ ಬಿಲ್ಲೆ, ಹಾ ಅಂದರೆ ಮೂಡುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅಂಚಿನಿಂದ ಕರಗುತ್ತಾ ಬಂದು ನಡುವೆ ಒಂದು ಚುಕ್ಕಿಯಾಗಿ ಮಾಯ, ಎಲ್ಲಿಗೆ ಹೋಗುತ್ತದೋ — ಗಾಜಣ್ಣ ಇನ್ನೊಂದು ಸಲ ಹಾ ಅಂದ, ಅಂಗೈಯಗಲದ ಗುಂಡು ಕನ್ನಡಿಯ ಮೇಲೆ, ಆಸ್ಪತ್ರೆಯ ಗೇಟಿನ ಹೊರಗೆ, ತನ್ನ ಹಳೇ ಕಾರಿನ ಹಿಂದಿನ ಬಾಗಿಲು ತೆರೆದಿಟ್ಟುಕೊಂಡು, ಅಂಗಿಯ ತುದಿಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದ, ಬಿರುಕಿಲ್ಲ, ಉಸಿರು ಬಿಟ್ಟು ನೋಡೋ, ಕಣ್ಣಿಗೆ ಕಾಣದ ಕೂದಲೆಳೆ ಬಿರುಕೂ ಉಸಿರಿಗೆ ಸಿಕ್ಕಿಬೀಳುತ್ತೆ, ಅಂತ ಹೇಳಿಕೊಟ್ಟದ್ದು ಗಾಜಿನಂಗಡಿಯ ಯಜಮಾನ, ಮೂವತ್ತೊಂದು ವರ್ಷ ಆ ಯಜಮಾನನ ಗಾಜು ಹೊತ್ತು ಲಾರಿ ಓಡಿಸಿ ಓಡಿಸಿ ಹೆತ್ತವರು ಇಟ್ಟ ಹೆಸರೇ ಸವೆದುಹೋಯಿತು, ಈಗ ಹೆಂಡತಿಯ ಬಾಯಲ್ಲೂ ಗಾಜಣ್ಣನೇ, ಮೂವತ್ತೊಂದು ವರ್ಷದಲ್ಲಿ ಒಂದು ಗಾಜೂ ಒಡೆದವನಲ್ಲ ಅಂತ ಅವನೇ ಊರೆಲ್ಲ ಸಾರಿಕೊಂಡು ಬಂದಿದ್ದಾನೆ, ಸಾರಿ ಸಾರಿ ಈಗ ಅವನಿಗೇ ಅದು ನಿಜ ಅನ್ನಿಸುತ್ತದೆ, ಒಮ್ಮೊಮ್ಮೆ ಬಿಟ್ಟರೆ — ಬಿಡು, ಅದು ಈಗ್ಯಾಕೆ. ಈ ಕನ್ನಡಿಯನ್ನು ಅವನೇ ತುಂಡು ಗಾಜಿನಲ್ಲಿ ಕೊಯ್ದು, ಅಂಚು ಉಜ್ಜಿ, ಸುತ್ತ ರಬ್ಬರು ಹಾಕಿ, ಹಿಂದಿನ ಸೀಟಿನ ಬೆನ್ನಿಗೆ ಮೂರು ಗಂಟು ಹಾಕಿ ಕಟ್ಟಿದ್ದು, ಮಗು ತೊಟ್ಟಿಲಿನಂಥ ತನ್ನ ಪುಟ್ಟ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುತ್ತದಲ್ಲ, ಅದರ ಮುಖ ಈ ಕನ್ನಡಿಗೆ ಬಿದ್ದು, ಈ ಕನ್ನಡಿ ಅವನ ತಲೆಯ ಮುಂದಿನ ಕನ್ನಡಿಗೆ ಬಿದ್ದು, ಕನ್ನಡಿಯಿಂದ ಕನ್ನಡಿಗೆ ಹಾರಿ ಬಂದ ಮಗು ರಸ್ತೆ ಬಿಡದ ಅಜ್ಜನ ಕಣ್ಣಿಗೆ ಬೀಳಬೇಕು. ಅಜ್ಜ! ಆ ನರ್ಸಮ್ಮ ಮೊದಲ ಸಲ ಅಜ್ಜಾ ಇಲ್ಲಿ ಕೇಳಿ ಅಂದಾಗ ಅವನು ಹಿಂದೆ ತಿರುಗಿ ನೋಡಿದ್ದ, ಯಾವ ಮುದುಕನನ್ನು ಕರೀತಿದ್ದಾಳೆ ಅಂತ. ನಿಮ್ಮನ್ನೇ ಅಜ್ಜಾ, ಐದು ಗಂಟೆ ದಾರಿ, ಹನ್ನೊಂದು ದಿನದ ಮಗು, ಹುಷಾರಾಗಿ ಕೇಳಿಸ್ಕೊಳ್ಳಿ, ಸೀಟು ಹಿಮ್ಮುಖ ಇರ್ಬೇಕು, ಬೆಲ್ಟು ಮೈಗೆ ಹತ್ತಿರ್ಬೇಕು, ನಡುವೆ ಒಂದು ಬೆರಳು ಹೋದ್ರೆ ಸಾಕು, ದಪ್ಪ ಬಟ್ಟೆ ಹಾಕೋದಾದ್ರೆ ಬೆಲ್ಟಿನ ಮೇಲೆ ಹೊದಿಸಿ, ಒಳಗೆ ಬೇಡ, ತಲೆ ಹಿಂದೆ ದಿಂಬು ಗಿಂಬು ತುರುಕಬೇಡಿ, ಗಲ್ಲ ಎದೆಗೆ ತಾಗ್ಬಾರ್ದು, ಒಂದೂವರೆ ಗಂಟೆಗೊಂದ್ಸಲ ನಿಲ್ಲಿಸಿ ಎತ್ಕೊಂಡು ಅಂಗಾತ ಮಲಗಿಸಿ, ಪಕ್ಕದಲ್ಲಿ ಒಬ್ರು ಎಚ್ಚರ ಇರ್ಲೇಬೇಕು. ಅದ್ಯಾಕಮ್ಮಾ ಹಿಮ್ಮುಖ, ಅಂತ ಅವನು ಕೇಳಿದ್ದು ಮಾತ್ರ ಅವನಿಗೆ ಚೆನ್ನಾಗಿ ನೆನಪಿದೆ, ಕುತ್ತಿಗೆ ಇನ್ನೂ ಗಟ್ಟಿಯಾಗಿಲ್ಲ ಅಜ್ಜಾ, ದಢಕ್ಕನೆ ಬ್ರೇಕು ಹಾಕಿದ್ರೆ ಭಾರ ಎಲ್ಲಾ ಬೆನ್ನಿನ ಮೇಲೆ ಹರಡುತ್ತೆ, ಅಂದಳು, ಆಹಾ, ಅವನಿಗೆ ಎಷ್ಟು ಖುಷಿಯಾಯಿತು, ಗಾಜೂ ಹಾಗೇ ಅಲ್ಲವೇ, ಮಲಗಿಸಿ ಒಯ್ದರೆ ನಡು ಮುರಿಯುತ್ತದೆ, ನೆಟ್ಟಗೆ ನಿಲ್ಲಿಸಿದರೆ ಮುಗ್ಗರಿಸುತ್ತದೆ, ಮರದ ಚೌಕಟ್ಟಿಗೆ ಓರೆಯಾಗಿ ಒರಗಿಸಿ ಒಯ್ಯಬೇಕು, ಈ ಸೀಟು ಮಾಡಿದವನು ಯಾವನೋ ಗಾಜಿನ ಲಾರಿಯವನೇ ಇರಬೇಕು ನೋಡಮ್ಮಾ, ನಾನೊಂದ್ಸಲ ಏನಾಯ್ತು ಅಂದ್ರೆ — ಅಂತ ಶುರು ಮಾಡಿದ, ದಿಂಬಿನ ಮಾತು ಗಲ್ಲದ ಮಾತು ಆ ಸಡಗರದಲ್ಲಿ ಒಂದು ಕಿವಿಯಲ್ಲಿ ಹೊಕ್ಕು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟವು. ಎಲ್ಲಾ ಬರೆದುಕೊಟ್ಟ ಚೀಟಿ ಅಂಗಿಯ ಜೇಬಿನಲ್ಲಿದೆ, ಅಕ್ಷರ ಅವನಿಗೆ ದೂರದ ನೆಂಟ, ಎದುರಾದರೆ ನಕ್ಕು ಮುಂದೆ ಹೋಗುತ್ತಾನೆ.

ಗಾಡಿ ಹೊರಟಿತು, ಗೇಟು, ಔಷಧದ ಅಂಗಡಿಗಳ ಸಾಲು, ಸಿಗ್ನಲ್ಲು, ಹಿಂದಿನಿಂದ ಬಸ್ಸಿನವನು ಹಾರ್ನು ಹೊಡೆದ, ಹೊಡಿ ಮಾರಾಯ, ನಿನ್ನದು ಮನುಷ್ಯರ ಗಾಡಿ, ನನ್ನದು ಗಾಜಿನ ಗಾಡಿ, ಮುಂದಿನ ಕನ್ನಡಿಯಲ್ಲಿ ಗುಂಡು ಕನ್ನಡಿ, ಗುಂಡು ಕನ್ನಡಿಯಲ್ಲಿ ಹಳದಿ ಟೋಪಿ, ಟೋಪಿಯ ತುದಿಗೆ ಉಲ್ಲನ್ನಿನ ಕುಚ್ಚು, ಕುಚ್ಚಿನ ಕೆಳಗೆ ಸಣ್ಣಮ್ಮ. ಸಣ್ಣಮ್ಮ ಅಂತ ಅವನೇ ಇಟ್ಟದ್ದು, ನೋಡಿದ ತಕ್ಷಣ ಬಾಯಿಗೆ ಬಂತು, ಯಾವುದೋ ಕಚೇರಿಯ ದೊಡ್ಡ ಅಧಿಕಾರಿ ಹುಬ್ಬು ಗಂಟುಹಾಕಿಕೊಂಡು ಕಡತ ನೋಡುವ ಹಾಗಿತ್ತು ಆ ಮುಖ, ಇದಕ್ಕೆ ಚಿನ್ನಾ ಬಂಗಾರ ಅನ್ನಲಿಕ್ಕಾಗುತ್ತದೆಯೇ, ಬನ್ನಿ ಸಣ್ಣಮ್ಮಾ ಕೂತ್ಕೊಳ್ಳಿ ಅನ್ನಬೇಕು. ಈಗ ಕಣ್ಣು ಬಿಟ್ಟಿದೆ. ಏನು ನೋಡುತ್ತಿದೆ? ಅಪ್ಪಾ ರಸ್ತೆ ನೋಡು, ಅಂದಳು ಮಗಳು ಹಿಂದಿನಿಂದ, ಮಗುವಿನ ಪಕ್ಕದಲ್ಲಿ ಸೊಂಟಕ್ಕೊಂದು ದಿಂಬು ಇಟ್ಟುಕೊಂಡು ಓರೆಯಾಗಿ ಕೂತು, ರಸ್ತೆ ನೋಡ್ತಾನೇ ಇದೀನಿ ಮಗಾ, ನನಗೆ ಎರಡು ಕಣ್ಣು, ಒಂದು ರಸ್ತೆಗೆ ಒಂದು ನಿನ್ನ ಮಗಳಿಗೆ. ಏನು ನೋಡುತ್ತಿದೆ ಅದು, ಹಿಂದಿನ ಗಾಜಿನಲ್ಲಿ ಮರಗಳು ಬಂದು ಬಂದು ಚಿಕ್ಕವಾಗಿ ಹೋಗುತ್ತವೆ, ಅದಕ್ಕೆ ಬರುವ ರಸ್ತೆ ಕಾಣುವುದಿಲ್ಲ, ಹೋದ ರಸ್ತೆಯೇ ಕಾಣುವುದು, ಅರೆ, ಇದೊಂದು ತಮಾಷೆ, ಹನ್ನೊಂದು ದಿನದವಳು ಹಿಂದೆ ನೋಡಿಕೊಂಡು ಹೋಗುತ್ತಿದ್ದಾಳೆ, ಅರವತ್ತಾರರವನು ಮುಂದೆ ನೋಡಿಕೊಂಡು, ಯಾರು ಯಾವುದನ್ನು ನೋಡಬೇಕಿತ್ತೋ ಅದು ಅದಲುಬದಲು, ಹಿಂದೆ ಅವಳಿಗೆ ಇರುವುದಾದರೂ ಏನು, ಒಂಬತ್ತು ತಿಂಗಳ ಕತ್ತಲೆ, ಅದೂ ಪೂರ್ತಿ ಇಲ್ಲ, ಮೂರು ವಾರ ಮೊದಲೇ ಬಾಗಿಲು ತಟ್ಟಿದವಳು. ಅಲ್ಲಿ ಏನು ಕೇಳುತ್ತಿತ್ತು ಅದಕ್ಕೆ? ಬಿಕ್ಕಳಿಕೆ ಬಂತು ಈಗ, ಹಿಕ್, ಕುಚ್ಚು ಕುಣಿಯಿತು, ಹಿಕ್, ಮತ್ತೆ ಕುಣಿಯಿತು, ಯಾಕೆ ಬರುತ್ತದೆ ಇಷ್ಟು ಚಿಕ್ಕ ಹೊಟ್ಟೆಗೆ ಬಿಕ್ಕಳಿಕೆ, ಯಾರು ನೆನೆಸಿಕೊಳ್ಳುತ್ತಾರೆ ಇವಳನ್ನು, ಇವಳ ಪರಿಚಯ ಇರುವುದೇ ಆರೇಳು ಜನಕ್ಕೆ. ನಿಮ್ಮಮ್ಮ ಇರ್ಬೇಕು ನೆನೆಸ್ಕೊಳ್ತಿರೋದು ಅಂದ ಜೋರಾಗಿ. ಅಮ್ಮ ಬೆಳಗ್ಗೆಯಿಂದ ಏಳು ಸಲ ಫೋನ್ ಮಾಡಿದ್ಳು ಅಪ್ಪಾ, ಏನಂದ್ಳು ಗೊತ್ತಾ, ನಿಮ್ಮಪ್ಪನಿಗೆ ಕಥೆ ಹೇಳೋಕೆ ಬಿಡಬೇಡ, ಕಥೆ ಶುರುವಾದ್ರೆ ಕೈ ಸ್ಟೇರಿಂಗ್ ಬಿಟ್ಟು ಗಾಳೀಲಿ ಹಾರಾಡುತ್ತೆ, ಅಂತ. ಹಾರಾಡುತ್ತೆ, ಆದ್ರೆ ಗಾಡಿ ಅಲ್ಲಾಡಲ್ಲ, ಕೇಳು, ಒಂದ್ಸಲ ಗಾಜಿನ ಮೇಲೊಂದು ನೊಣ ಕೂತಿತ್ತು, ಅಂಗಡಿ ಬಿಟ್ಟಾಗ ಕೂತದ್ದು ಹದಿನಾಲ್ಕು ಗಂಟೆ ಆದ ಮೇಲೆ ನಿದ್ದೆ ತಿಳಿದು ಎದ್ದು, ಇದ್ಯಾವೂರು ಅಂತ ನನ್ನನ್ನೇ ಕೇಳ್ತು. ಮಗಳು ನಕ್ಕಳು, ನಕ್ಕರೆ ಹೊಲಿಗೆ ಎಳೆಯುತ್ತೆ ಅಪ್ಪಾ ಸುಮ್ನಿರು, ನಕ್ಕಳು, ಹನ್ನೊಂದು ದಿನದಲ್ಲಿ ಮೊದಲ ಸಲ. ಆ ನಗು ಇನ್ನೊಮ್ಮೆ ಬರಲಿ ಅಂತ ಅವನು ದೊಡ್ಡ ಕನ್ನಡಿಯ ಕಥೆಯನ್ನೂ ಬಿಟ್ಟ, ಮೂರಾಳು ಎತ್ತರದ ಕನ್ನಡಿ, ದಾರಿಯಲ್ಲಿ ಒಂದು ಹೋರಿ ಅದರಲ್ಲಿ ತನ್ನನ್ನೇ ಕಂಡು ಗುದ್ದಲಿಕ್ಕೆ ಬಂತು, ಒಳಗಿನ ಹೋರಿಯೂ ಬಂತು, ನಾನು ಲಾರಿ ನಿಧಾನಕ್ಕೆ ಎಳ್ಕೊಂಡೆ ನೋಡು, ಎರಡೂ ಹೋರಿ ಓಡ್ತಾ ಓಡ್ತಾ ಸುಸ್ತಾಗಿ ಕೊನೆಗೆ ಹೊರಗಿನದು ವಾಪಸ್ ಹೋಯ್ತು, ಒಳಗಿನದು ನನ್ನ ಜೊತೆ ಊರಿಗೇ ಬಂತು. ಅಪ್ಪಾ ನೀನು ರೈಲು ಬಿಡೋದು ನಿಲ್ಲಿಸಲ್ಲ ಅಲ್ವಾ. ಇದು ರೈಲಲ್ಲ ಮಗಾ, ಲಾರಿ. ಆಮೇಲೆ ಅವಳು ನಗಲಿಲ್ಲ, ಮಗುವಿನ ಕಡೆ ಬಗ್ಗಿ ನೋಡಿ, ಅಪ್ಪಾ, ನಿಜ ಹೇಳು, ನಿಂಗೆ ಭಯ ಆಗ್ತಿಲ್ವಾ, ನಂಗೆ ಕಣ್ಣು ಮುಚ್ಚೋಕೇ ಭಯ, ಅವಳು ಉಸಿರಾಡ್ತಾ ಇದಾಳಾ ಅಂತ ಹತ್ತು ನಿಮಿಷಕ್ಕೊಂದ್ಸಲ ನೋಡ್ತೀನಿ, ಅಂದಳು. ಭಯ ಯಾಕೆ, ಮೂವತ್ತೊಂದು ವರ್ಷ ಒಂದು ಗಾಜೂ ಒಡೆದಿಲ್ಲ ನಾನು. ನಿನ್ನ ಗಾಜು ಉಸಿರಾಡಲ್ಲ ಅಪ್ಪಾ.

ಆ ಮಾತು ಒಂದಿಷ್ಟು ದೂರ ಗಾಡಿಯ ಜೊತೆಗೇ ಬಂತು, ಗಾಜು ಉಸಿರಾಡಲ್ಲ, ಹೌದಲ್ಲ, ಗಾಜಿನ ಮೇಲೆ ನಾವು ಉಸಿರಾಡುತ್ತೇವೆ, ಅದು ಉಸಿರಾಡುವುದಿಲ್ಲ, ಅಷ್ಟರಲ್ಲಿ ಸಣ್ಣಮ್ಮ ಅಳಲಿಕ್ಕೆ ಶುರು, ಎಂಥ ಅಳು, ಮುಷ್ಟಿಯಷ್ಟಿರುವ ಎದೆಯಿಂದ ಲಾರಿಯ ಹಾರ್ನಿನಷ್ಟು ಸದ್ದು ಹೇಗೆ ಬರುತ್ತದೆ, ಅದಕ್ಕೇನು ಒಳಗೆ ಬೇರೆ ಕೋಣೆ ಇದೆಯೇ, ಗಡಿಯಾರ ನೋಡಿದರೆ ಹೊರಟು ಸರಿಯಾಗಿ ಒಂದೂವರೆ ಗಂಟೆ, ನರ್ಸಮ್ಮ ಕೀಲಿ ಕೊಟ್ಟು ಕಳಿಸಿದ ಹಾಗೆ. ಪೆಟ್ರೋಲ್ ಬಂಕಿನ ಪಕ್ಕದ ನೆರಳಿನಲ್ಲಿ ನಿಲ್ಲಿಸಿದ, ಮಗಳು ಹಾಲು ಕುಡಿಸಿದಳು, ತನ್ನ ಮಡಿಲಲ್ಲಿ ಅಂಗಾತ ಮಲಗಿಸಿದಳು, ಬಟ್ಟೆ ಬದಲಿಸಿದಳು, ಅವನು ಬೆನ್ನು ತಿರುಗಿಸಿಕೊಂಡು ಬಿಸಿ ನೀರಿನ ಫ್ಲಾಸ್ಕು, ತಣ್ಣನೆ ನೀರಿನ ಬಾಟ್ಲಿ, ಚೀಲ, ಇನ್ನೊಂದು ಚೀಲ, ಇಷ್ಟು ಚಿಕ್ಕ ಪ್ರಯಾಣಿಕಳಿಗೆ ಇಷ್ಟು ಸಾಮಾನು ಅಂತ ಬೆರಗಾಗುತ್ತಾ ನಿಂತ. ಅಪ್ಪಾ ಸೀಟಲ್ಲಿ ಕೂರಿಸಿ ಬೆಲ್ಟು ಹಾಕ್ತೀಯಾ, ನಾನು ಮುಖ ತೊಳ್ಕೊಂಡು ಬರ್ತೀನಿ, ಅಂದಳು. ಮೊದಲ ಸಲ ಅವನ ಕೈಗೆ ಪೂರ್ತಿ ಬಂದದ್ದು ಆಗ. ತೂಕವೇ ಇಲ್ಲ, ತೂಕ ಇಲ್ಲದ್ದಕ್ಕೇ ಭಾರ, ಬಿಸಿ, ಹಾಲಿನ ವಾಸನೆ, ಹಳೇ ಪುಸ್ತಕದ ಹಾಳೆಯಂತೆ ತೆಳ್ಳಗಿನ ಕಿವಿ, ಅವನ ಕಿರುಬೆರಳನ್ನು ಹಿಡಿದುಕೊಂಡಿತು, ಐದು ಬೆರಳು ಸೇರಿದರೂ ಅವನ ಒಂದು ಉಗುರಿನ ಅಗಲ, ಗಾಜು ಕೊಯ್ದು ಕೊಯ್ದು ಗಾಯವಾಗಿ ಗಟ್ಟಿಯಾದ ಆ ಬೆರಳನ್ನು ಏನೆಂದುಕೊಂಡಿತೋ, ಮರದ ಕೊಂಬೆ ಅಂತಲೋ. ಸೀಟಿನಲ್ಲಿ ಒರಗಿಸಿದ, ಬೆಲ್ಟು ಎಳೆದ, ಒಂದು ಬೆರಳು ತೂರಿಸಿ ನೋಡಿದ, ಸರಿ, ಎಲ್ಲಾ ಸರಿ, ಆದರೆ — ಅವನ ಕಣ್ಣು ಹೋಗಿ ನಿಂತದ್ದು ಸಂದಿನ ಮೇಲೆ. ಟೋಪಿಯ ಹಿಂದೆ, ಕುತ್ತಿಗೆ ಮತ್ತು ಸೀಟಿನ ನಡುವೆ ಒಂದು ಸಂದು. ಆ ಕಡೆ ಈ ಕಡೆಯೂ ಒಂದಿಷ್ಟು ಸಂದು. ಸಂದು ಬಿಟ್ಟರೆ ಚೂರು! ಇದು ಯಜಮಾನ ಕಲಿಸಿದ್ದಲ್ಲ, ಲಾರಿಯವರು ಲಾರಿಯವರಿಗೆ ಕಲಿಸಿದ್ದು, ಗಾಜು ಹತ್ತಿಸಿದ ಮೇಲೆ ಮೊದಲು ಮಾಡುವ ಕೆಲಸ ಸಂದು ಹುಡುಕುವುದು, ಹುಲ್ಲೋ ಕಾಗದವೋ ಹರಿದ ಗೋಣಿಯೋ, ಸಿಕ್ಕಿದ್ದನ್ನು ತುರುಕು, ಬೆರಳು ಆಡದ ಹಾಗೆ ತುರುಕು, ಅಲ್ಲಾಡದ್ದು ಒಡೆಯುವುದಿಲ್ಲ, ಮೂವತ್ತೊಂದು ವರ್ಷದ ಕೈ ಅದು, ತಲೆಯನ್ನು ಕೇಳಿ ಕೆಲಸ ಮಾಡುವ ಕೈಯಲ್ಲ, ಚೀಲದಿಂದ ಬಿಳಿ ಟವೆಲ್ಲು ತಾನಾಗಿ ಬಂತು, ತಾನಾಗಿ ನಾಲ್ಕು ಮಡಿಕೆಯಾಯಿತು, ತಾನಾಗಿ ಟೋಪಿಯ ಹಿಂದೆ ಹೋಗಿ ಕೂತಿತು, ಎಷ್ಟು ಚೆಂದ ಕೂತಿತು ಅಂದರೆ ಅವನೇ ಒಂದು ಹೆಜ್ಜೆ ಹಿಂದೆ ಸರಿದು ನೋಡಿ ತಲೆದೂಗಿದ, ಹೂಂ, ಈಗ ಕೂತ್ರಿ ನೋಡಿ ಸಣ್ಣಮ್ಮಾ ಮಹಾರಾಣಿ ಹಾಗೆ. ಬಿಳಿ ಸೀಟು, ಬಿಳಿ ಟವೆಲ್ಲು, ಮಗಳು ಬಂದು ನೋಡಿದಳು, ಬೆಲ್ಟು ಮುಟ್ಟಿದಳು, ಕಣ್ಣು ಕೆಂಪಗಿತ್ತು, ಟವೆಲ್ಲು ಕಾಣಲಿಲ್ಲ. ಅಪ್ಪಾ, ಅರ್ಧ ಗಂಟೆ ನಿದ್ದೆ ಮಾಡ್ಲಾ, ನೀನು ನೋಡ್ಕೊಳ್ತೀಯಾ. ಮಲಗು ಮಗಾ, ನಾನಿಲ್ವಾ. ಕನ್ನಡಿ ನೋಡ್ತಾ ಇರ್ತೀಯಾ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತೀನಿ. ಸದ್ದು ಮಾಡಿದ್ರೆ ಎಬ್ಬಿಸು. ಸದ್ದು ಮಾಡಿದ್ರೆ ಎಬ್ಬಿಸ್ತೀನಿ, ಅಂದ ಅವನು, ಇಬ್ಬರೂ ಅಂದದ್ದು ಅದೇ ಮಾತು.

ಸದ್ದು ಮಾಡಲಿಲ್ಲ. ಊರುಗಳು ಹಿಂದೆ ಬಿದ್ದವು, ರಸ್ತೆ ಅಗಲವಾಯಿತು, ಎರಡೂ ಕಡೆ ಬಯಲು, ನೆತ್ತಿಗೆ ಬರುತ್ತಿರುವ ಬಿಸಿಲು ಪಕ್ಕದ ಗಾಜಿನಿಂದ ಇಳಿದು ಗುಂಡು ಕನ್ನಡಿಯ ಮೇಲೆ ಬಿದ್ದು ಕಾರಿನ ಚಾವಣಿಯಲ್ಲಿ ಒಂದು ಬೆಳಕಿನ ಬಿಲ್ಲೆ ನಡುಗುತ್ತಾ ಕೂತಿತ್ತು, ಎಂಜಿನ್ನು ಗುಂಯ್ ಅನ್ನುತ್ತಿತ್ತು, ಮಗಳು ಬಾಯಿ ತೆರೆದು ಮಲಗಿದ್ದಳು, ಎಂಟು ವರ್ಷದವಳಿದ್ದಾಗ ಲಾರಿಯಲ್ಲಿ ಅವನ ಪಕ್ಕ ಹೀಗೇ ಮಲಗುತ್ತಿದ್ದಳು, ಬಾಯಿ ತೆರೆದು, ಒಂದು ಕೈ ಮಾತ್ರ ಅವನ ಅಂಗಿ ಹಿಡಿದುಕೊಂಡು, ಈಗ ಆ ಕೈ ಮಗುವಿನ ಸೀಟಿನ ಅಂಚು ಹಿಡಿದುಕೊಂಡಿದೆ, ಕೈಗೆ ನಿದ್ದೆ ಬಂದಿಲ್ಲ. ಅಳಿಯ ನಾಡಿದ್ದು ಬರುತ್ತಾನೆ, ಬಂದರಿನಲ್ಲಿ ಕ್ರೇನು ಓಡಿಸುವವನು, ಮಾವ, ನಾನು ಎತ್ತೋ ಸರಕಿನಲ್ಲಿ ಒಂದೊಂದು ಮನೆಯಷ್ಟಿರುತ್ತೆ, ಆದ್ರೆ ಇವಳನ್ನ ಎತ್ಕೊಳ್ಳೋಕೆ ಎರಡು ಕೈ ಸಾಲಲ್ಲ, ಅಂದಿದ್ದ. ಎಂಥ ಸದ್ದಿಲ್ಲದ ಪ್ರಯಾಣ. ಗಾಜಿನವರಿಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ, ಮೂವತ್ತೊಂದು ವರ್ಷ ಅವನು ಹಾಡು ಕೇಳದೆ, ಕ್ಲೀನರಿಗೆ ಬಾಯಿ ಬಿಡಗೊಡದೆ, ಬೆನ್ನ ಹಿಂದಿನ ಸದ್ದಿಗೆ ಕಿವಿ ಕೊಟ್ಟೇ ಓಡಿಸಿದ್ದು, ಟಿಣ್ ಅಂದರೆ ಎದೆ ಧಸಕ್, ಕಿರ್ ಅಂದರೆ ಬ್ರೇಕು, ಸದ್ದಿಲ್ಲ ಅಂದರೆ ಸುಖ, ಸದ್ದು ಮಾಡದ ಸರಕು ಒಳ್ಳೇ ಸರಕು. ಬಂಕು ಬಿಟ್ಟು ಒಂದೂವರೆ ಗಂಟೆ ಆಯಿತು ಅಂತ ಗಡಿಯಾರ ತೋರಿಸಿತು. ನಿಲ್ಲಿಸಬೇಕು. ಮುಂದೆ ಒಂದು ಮರ, ನೆರಳು, ಬಂತು, ಹೋಯಿತು. ಅವನ ಕಾಲು ಬ್ರೇಕಿನ ಮೇಲೆ ಇಳಿಯಲಿಲ್ಲ. ಯಾಕೆಂದರೆ ಲಾರಿಯವರ ಇನ್ನೊಂದು ಮಾತಿದೆ, ಹದಕ್ಕೆ ಬಂದ ಗಾಡಿ ನಿಲ್ಲಿಸಬೇಡ, ಗಾಜು ಒಡೆಯುವುದು ಓಡುವಾಗ ಅಲ್ಲ, ನಿಂತು ಹೊರಡುವಾಗ. ಪಾಪ, ತಾಯಿ ಮಗಳು ಇಬ್ಬರೂ ಹೂವಿನ ಹಾಗೆ ಮಲಗಿದ್ದಾರೆ, ಎಬ್ಬಿಸಿ ಏನು ಸಾಧಿಸುವುದು, ಇನ್ನೊಂದು ಹತ್ತು ನಿಮಿಷ, ಇನ್ನೊಂದು ಮರ ಬಂತು, ಹೋಯಿತು. ಕನಸು ಬೀಳುತ್ತದೆಯೇ ಅದಕ್ಕೆ? ಬಿದ್ದರೆ ಏನು ಬೀಳಬೇಕು, ಅದು ಕಂಡದ್ದಾದರೂ ಏನು, ಆಸ್ಪತ್ರೆಯ ಟ್ಯೂಬುಲೈಟು, ತಾಯಿಯ ಮೂಗು, ನನ್ನ ಮೀಸೆ, ಮೂರನ್ನೇ ಕಲಸಿ ಕನಸು ಮಾಡಬೇಕು, ಟ್ಯೂಬುಲೈಟಿಗೆ ಮೀಸೆ ಬಂದ ಹಾಗೆ ಕನಸು ಬಿದ್ದರೆ ನಗುತ್ತದೋ ಅಳುತ್ತದೋ, ನಗಲಿಕ್ಕೆ ಇನ್ನೂ ಬರುವುದಿಲ್ಲವಂತೆ, ಆರು ವಾರ ಬೇಕಂತೆ, ಅಳುವುದಕ್ಕೆ ಯಾರೂ ಕಲಿಸಬೇಕಾಗಿಲ್ಲ, ನಗುವುದಕ್ಕೆ ಮಾತ್ರ ಆರು ವಾರ, ಇದು ಯಾರು ಮಾಡಿದ ಕಾನೂನು, ಮುಖ ನೋಡೋಣ, ನಿದ್ದೆಯಲ್ಲಿ ತುಟಿ ಏನಾದರೂ ಮಾಡುತ್ತಿದೆಯೋ — ಕಣ್ಣೆತ್ತಿದ, ಮುಂದಿನ ಕನ್ನಡಿ, ಅದರೊಳಗೆ ಗುಂಡು ಕನ್ನಡಿ, ಅದರೊಳಗೆ ಕುಚ್ಚು.

ಕುಚ್ಚು ಮಾತ್ರ. ಹಳದಿ ಕುಚ್ಚು, ಹಳದಿ ಟೋಪಿಯ ನೆತ್ತಿ. ಮೂಗಿಲ್ಲ, ಬಾಯಿಲ್ಲ, ಹುಬ್ಬಿಲ್ಲ. ಸಣ್ಣಮ್ಮ ಪರೀಕ್ಷೆ ಬರೆಯುವವಳ ಹಾಗೆ ತಲೆ ಬಗ್ಗಿಸಿಕೊಂಡು ಕೂತಿದ್ದಾಳೆ, ಏನು ಬರೀತಿದೀರಿ ಸಣ್ಣಮ್ಮಾ, ಅಜ್ಜನ ಮೇಲೆ ದೂರು ಅರ್ಜಿಯಾ, ಅಂತ ತನ್ನಷ್ಟಕ್ಕೇ ನಕ್ಕ, ನಗು ಅರ್ಧಕ್ಕೆ ನಿಂತಿತು. ಮೊದಲು ಮುಖ ಕಾಣುತ್ತಿತ್ತಲ್ಲ. ಕನ್ನಡಿ ಜರುಗಿತೇ? ಇಲ್ಲ, ಮೂರು ಗಂಟು ಹಾಕಿದ್ದು ಅವನೇ. ರಸ್ತೆ ಉಬ್ಬಿಳಿಯಿತು, ಕುಚ್ಚು ಅಲ್ಲಾಡಲಿಲ್ಲ. ಬಿಕ್ಕಳಿಕೆ ಬಂದಾಗ ಎಷ್ಟು ಕುಣಿದಿತ್ತು. ಎಷ್ಟು ಗಟ್ಟಿಯಾಗಿ ಕೂತಿದೆ, ಒಳ್ಳೇ ಸರಕು, ಸದ್ದಿಲ್ಲ, ಅಲ್ಲಾಟ ಇಲ್ಲ, ಸದ್ದಿಲ್ಲ — ಆಗ ಬಂತು ಅದು, ಕರೆಯದೆ, ಮೂವತ್ತೊಂದು ವರ್ಷದ ಹೊಟ್ಟೆಯೊಳಗಿಂದ, ಯಾರಿಗೂ ಹೇಳದ ಒಂದೇ ಒಂದು ನಿಜ: ಅಂಗಡಿಯ ಮುಂಭಾಗಕ್ಕೆ ಹಾಕುವ ದೊಡ್ಡ ಗಾಜು, ಬಾಗಿಲಿಗಿಂತ ಅಗಲ, ಅಂಥದ್ದನ್ನು ಅವನು ಹಿಂದೆಂದೂ ಒಯ್ದಿರಲಿಲ್ಲ, ಹೆದರಿಕೆಗೆ ಒಂದು ಸಂದು ಬಿಡದೆ ತುರುಕಿದ್ದ, ಹುಲ್ಲು ತುರುಕಿ ಅದರ ಮೇಲೆ ಕಾಗದ ತುರುಕಿ ಮರದ ಚಕ್ಕೆ ಬಡಿದು, ದಾರಿಯುದ್ದಕ್ಕೂ ಒಂದು ಟಿಣ್ ಇಲ್ಲ, ಒಂದು ಕಿರ್ ಇಲ್ಲ, ಆ ದಿನ ಅವನು ಹಾಡು ಹೇಳಿಕೊಂಡು ಓಡಿಸಿದ್ದ, ತಲುಪಿ ಹೊದಿಕೆ ತೆಗೆದು ಹಾ ಅಂದ, ಮಂಜು ಮೂಡಿತು, ಮಂಜಿನ ನಡುವೆ ಒಂದು ಗೆರೆ, ಮೂಲೆಯಿಂದ ಮೂಲೆಗೆ. ಬಿಗಿ ಜಾಸ್ತಿ ಆಯ್ತು ಕಣೋ, ಅಂದಿದ್ದ ಯಜಮಾನ, ಬೈಯಲಿಲ್ಲ, ಅದೇ ಇವತ್ತಿಗೂ ಚುಚ್ಚುವುದು, ಗಾಜಿಗೂ ಮೈ ಸಡಿಲ ಬಿಡೋಕೆ ಒಂದು ಬೆರಳು ಜಾಗ ಬೇಕು, ಒಡೆಯೋ ಗಾಜೆಲ್ಲಾ ಸದ್ದು ಮಾಡಲ್ಲ, ನೆನಪಿಟ್ಕೋ. ನೆನಪಿಟ್ಟುಕೊಳ್ಳಲಿಲ್ಲ, ಮುಚ್ಚಿಟ್ಟ, ಮೇಲೆ ನೊಣದ ಕಥೆ ಹೋರಿಯ ಕಥೆ ಎಲ್ಲಾ ಹೇರಿ ಮುಚ್ಚಿಟ್ಟ. ಬಿಗಿ ಜಾಸ್ತಿ. ಟವೆಲ್ಲು. ನಾಲ್ಕು ಮಡಿಕೆ. ತಲೆಯ ಹಿಂದೆ ನಾಲ್ಕು ಮಡಿಕೆ ಇಟ್ಟರೆ ತಲೆ ಎಲ್ಲಿಗೆ ಹೋಗಬೇಕು, ಮುಂದಕ್ಕೆ, ಮುಂದಕ್ಕೆ ಬಂದರೆ ಗಲ್ಲ ಎಲ್ಲಿಗೆ — ಗಲ್ಲ ಎದೆಗೆ ತಾಗ್ಬಾರ್ದು ಅಜ್ಜಾ, ಹೊಸಿಲ ಮೇಲೆ ಕೂತಿದ್ದ ಮಾತು ಎದ್ದು ಒಳಗೆ ಬಂತು, ತಲೆ ಹಿಂದೆ ದಿಂಬು ಗಿಂಬು ತುರುಕಬೇಡಿ ಅಜ್ಜಾ, ಅದೂ ಬಂತು, ಕುತ್ತಿಗೆ ಇನ್ನೂ ಗಟ್ಟಿಯಾಗಿಲ್ಲ ಅಜ್ಜಾ, ಬಗ್ಗಿದ ಕುತ್ತಿಗೆ, ಮಡಿಚಿದ ರಬ್ಬರು ಕೊಳವೆ, ಮಡಿಚಿದ ಕೊಳವೆಯಲ್ಲಿ ನೀರು ಹೋಗುವುದಿಲ್ಲ, ಗಾಳಿ ಹೋಗುತ್ತದೆಯೇ, ಸದ್ದು ಮಾಡಿದ್ರೆ ಎಬ್ಬಿಸು ಅಂದಳು ಮಗಳು, ಸದ್ದು ಮಾಡಲಿಕ್ಕೂ ಉಸಿರು ಬೇಕಲ್ಲ.

ಬ್ರೇಕು ದಢಕ್ಕನೆ ಹಾಕಬಾರದು ಅಂತ ಕಾಲಿಗೆ ಗೊತ್ತಿತ್ತು, ಅದೊಂದು ಪುಣ್ಯ, ಗಾಡಿ ನೀರಿನ ಮೇಲೆ ಎಲೆ ಬಂದ ಹಾಗೆ ಪಕ್ಕಕ್ಕೆ ಬಂದು ನಿಂತಿತು, ಮಗಳಿಗೆ ಎಚ್ಚರವಾಗಲಿಲ್ಲ, ಅವನು ಬಾಗಿಲು ತೆಗೆದ, ಸುತ್ತು ಹಾಕಿದ, ಆ ಬಾಗಿಲು ತೆಗೆದ, ಟವೆಲ್ಲು ಎಳೆದು ಬಿಸಾಕಿದ, ಬೆಲ್ಟಿನ ಗುಂಡಿ, ಮೂವತ್ತೊಂದು ವರ್ಷ ಹಗ್ಗದ ಗಂಟು ಬಿಚ್ಚಿದ ಕೈಗೆ ಒಂದು ಕೆಂಪು ಗುಂಡಿ ಒತ್ತಲಿಕ್ಕೆ ಆಗಲೊಲ್ಲದು, ಒತ್ತಿತು, ಬಿಟ್ಟಿತು, ಎತ್ತಿದ, ಮುಂದಿನ ಬಾಗಿಲೂ ತೆಗೆದು ಅಲ್ಲಿನ ಸೀಟನ್ನು ಪೂರ್ತಿ ಹಿಂದಕ್ಕೆ ಚಾಚಿ ಅದರ ಮೇಲೆ ಅಂಗಾತ ಮಲಗಿಸಿದ, ತಲೆ ನೆಟ್ಟಗೆ, ಗಲ್ಲ ಮೇಲಕ್ಕೆ, ಸಣ್ಣಮ್ಮಾ, ಸಣ್ಣಮ್ಮಾ. ಕಣ್ಣು ಮುಚ್ಚಿದೆ. ಮೂಗಿನ ಕೆಳಗೆ ಒಂದು ಹಾಲಿನ ಹನಿ ಒಣಗಿದೆ. ತುಟಿಯ ಬಣ್ಣ, ಇದು ಮೊದಲೂ ಹೀಗೇ ಇತ್ತೋ ಇಲ್ಲವೋ, ಇಷ್ಟು ಹೊತ್ತು ನೋಡಿದೆ ನೋಡಿದೆ ಅಂದವನಿಗೆ ತುಟಿಯ ಬಣ್ಣ ಗೊತ್ತಿಲ್ಲ. ಎದೆಯ ಮೇಲೆ ಕೈ ಇಟ್ಟ, ಅಲ್ಲಾಡುತ್ತಿದೆ, ದೇವರೇ ಅಲ್ಲಾಡುತ್ತಿದೆ, ಇಲ್ಲ, ಅಲ್ಲಾಡುತ್ತಿರುವುದು ಅವನ ಕೈ, ಕಿವಿ ಇಟ್ಟ, ಧಡ್ ಧಡ್ ಅನ್ನುತ್ತಿದೆ, ಇಲ್ಲ, ಅದು ಅವನ ಕಿವಿಯದ್ದೇ ರಕ್ತ, ಯಾವುದನ್ನು ನಂಬಬೇಕು ಈಗ, ಹೊಡೆದು ಎಬ್ಬಿಸುವುದೇ, ಹನ್ನೊಂದು ದಿನದ್ದನ್ನು ಹೇಗೆ ಹೊಡೆಯುವುದು, ಅವನಿಗೆ ಗೊತ್ತಿರುವ ಸಾಕ್ಷಿ ಒಂದೇ, ಕೈ ಚಾಚಿ ಗುಂಡು ಕನ್ನಡಿಯನ್ನು ಜಗ್ಗಿದ, ಮೂರು ಗಂಟು ಒಟ್ಟಿಗೇ ಕಿತ್ತು ಬಂತು, ಮೂಗಿನ ಕೆಳಗೆ ಹಿಡಿದ. ಗಾಜು ತಿಳಿಯಾಗಿತ್ತು. ತೆರೆದ ಬಾಗಿಲಿನಾಚೆಯ ಆಕಾಶ ಅದರಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು, ಒಂದು ಮೋಡದ ತುಂಡು ಸಹ. ಮಂಜಿಲ್ಲ. ಕಾದ. ಮಂಜಿಲ್ಲ. ಅಪ್ಪಾ, ಅಂದಿತು ಹಿಂದಿನಿಂದ ನಿದ್ದೆಗಣ್ಣಿನ ದನಿ, ಯಾಕೆ ನಿಲ್ಲಿಸ್ದೆ, ಅಪ್ಪಾ? ಮಗು ಎಲ್ಲಿ? ಅಪ್ಪಾ ಏನಾಯ್ತು? ಅವನ ಬಾಯಿಗೆ ಮೂರು ಕಥೆ ಒಟ್ಟಿಗೆ ಬಂದವು, ನೆರಳಿತ್ತು ನಿಲ್ಲಿಸಿದೆ, ಟಯರು ನೋಡೋಣ ಅಂತ, ಸಣ್ಣಮ್ಮನೇ ನಿಲ್ಲಿಸು ಅಂದ್ಲು, ಮೂರೂ ಹಲ್ಲಿನ ತನಕ ಬಂದು ಅಲ್ಲೇ ಸತ್ತವು, ನಾನು ಟವೆಲ್ ಇಟ್ಟೆ ಮಗಾ, ಅಂದ, ತಲೆ ಹಿಂದೆ, ಸಂದಿಗೆ, ನಾನೇ ಇಟ್ಟೆ, ನಿಲ್ಲಿಸ್ಬೇಕಿತ್ತು ನಿಲ್ಲಿಸ್ಲಿಲ್ಲ, ಒಂದ್ಸಲ ಗಾಜೂ ಒಡೆದಿದ್ದೆ ನಾನು, ಅಂದ, ಅದನ್ನು ಈಗ ಯಾಕೆ ಹೇಳಿದ ಅವನಿಗೇ ತಿಳಿಯದು, ಮಗಳು ಹೊಲಿಗೆ ಮರೆತು ಸೀಟು ಹಾರಿ ಬರುತ್ತಿದ್ದಾಳೆ, ಅವಳ ಕೈ ಅವನ ಭುಜದ ಮೇಲಿಂದ ಚಾಚುತ್ತಿದೆ — ತಾಳು, ಗಾಜು ಬಿಸಿಯಾಗಿದೆ. ಬಿಸಿ! ಇಷ್ಟು ಹೊತ್ತು ಬಿಸಿಲಿಗಿತ್ತಲ್ಲ, ಬೆರಳು ಸುಡುತ್ತಿದೆ, ಬಿಸಿ ಗಾಜಿನ ಮೇಲೆ ಉಸಿರು ಮೂಡುವುದಿಲ್ಲ, ಇದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು, ತಣ್ಣನೆ ನೀರಿನ ಬಾಟ್ಲಿ, ಕಾಲ ಬಳಿ, ಕನ್ನಡಿಯನ್ನು ಅದಕ್ಕೆ ಒತ್ತಿ ಹಿಡಿದ, ಗಾಜೇ ತಣ್ಣಗಾಗು, ಗಾಜೇ ನಿನ್ನ ಅನ್ನ ತಿಂದಿದ್ದೇನೆ ತಣ್ಣಗಾಗು, ಅಂಗಿಯ ತುದಿಯಿಂದ ಒರೆಸಿದ, ಮೂಗಿನ ಕೆಳಗೆ ಹಿಡಿದ, ಮಗಳೂ ಅವನೂ ತಲೆಗೆ ತಲೆ ತಾಗಿಸಿ ಬಗ್ಗಿದರು, ಇಬ್ಬರೂ ತಮ್ಮ ಉಸಿರು ಕಟ್ಟಿಕೊಂಡರು, ಅವರ ಉಸಿರು ತಾಗಿ ಮೋಸವಾಗಬಾರದಲ್ಲ, ಗಾಜಿನಲ್ಲಿ ಆಕಾಶ, ಮೋಡದ ತುಂಡು, ಎರಡು ಪುಟ್ಟ ಮೂಗಿನ ಹೊಳ್ಳೆ, ಮೋಡದ ತುಂಡು, ಆಮೇಲೆ ಮೋಡದ ಪಕ್ಕದಲ್ಲಿ ಮೋಡವಲ್ಲದ ಒಂದು ಚುಕ್ಕಿ, ಸಾಸಿವೆಯಷ್ಟು, ಅದರ ಪಕ್ಕ ಇನ್ನೊಂದು, ಎರಡೂ ಹರಡಿ ಕೂಡಿ ಅಂಗಿಯ ಗುಂಡಿಯಷ್ಟು, ಮಂಜು, ಅಂಚಿನಿಂದ ಕರಗಿತು, ಹೋಯಿತು, ಎಲ್ಲಿಗೆ ಹೋಗುತ್ತದೋ, ಬಂತು, ಮತ್ತೆ ಅಂಗಿಯ ಗುಂಡಿಯಷ್ಟು, ಅಪ್ಪಾ ಕಾಲು ಒದೀತಿದಾಳೆ ನೋಡು, ಬಾಯಿ ತೆಗೀತಿದಾಳೆ ನೋಡು, ಅಂತ ಮಗಳು ಅಳುತ್ತಲೋ ಬೈಯುತ್ತಲೋ ಅವನ ತೋಳು ಅಲ್ಲಾಡಿಸುತ್ತಿದ್ದಾಳೆ, ಅಳು ಶುರುವಾಗಿದೆ, ಲಾರಿ ಹಾರ್ನಿನಂಥ ಅಳು, ಬಯಲು ತುಂಬುವ ಅಳು, ಅವನಿಗೆ ಕೇಳಿಸುತ್ತಿದೆ, ಆದರೆ ಕಣ್ಣು ಕೀಳಲಿಕ್ಕಾಗುತ್ತಿಲ್ಲ, ಗಾಜಿನ ಮೇಲೆ ಮಂಜು, ಅದರ ನಡುವೆ ಗೆರೆ ಇಲ್ಲ, ಕರಗುತ್ತದೆ, ಮೂಡುತ್ತದೆ, ಅಂಗಿಯ ಗುಂಡಿಯಷ್ಟು ಮಂಜು, ಕರಗುತ್ತದೆ, ಮೂಡುತ್ತದೆ, ಮಂಜು